ಚೆನ್ನೈನ ನೆಹರೂ ಕ್ರೀಡಾಂಗಣ

ಮಕ್ಕಳೇ, ನಿಮ್ಮ ಶಾಲೆಯ ಬಯಲನ್ನು ನೆನೆದುಕೊಳ್ಳಿರಿ. ಬೆಳಿಗ್ಗೆ ಅಲ್ಲಿ ಪ್ರಾರ್ಥನೆ, ಸಂಜೆ ಕಬಡ್ಡಿ, ಆಗಸ್ಟ್ 15ರಂದು ಧ್ವಜವಂದನೆ. ಬಯಲು ಒಂದೇ, ಬಳಕೆ ಹಲವು. ನಮ್ಮ ರಾಜಧಾನಿ ಚೆನ್ನೈನಲ್ಲಿರುವ ಜವಾಹರಲಾಲ್ ನೆಹರೂ ಕ್ರೀಡಾಂಗಣವೂ ಹಾಗೆಯೇ. ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಇಳಿದರೆ ಅಲ್ಲಿಗೆ ನಡೆದೇ ಹೋಗಬಹುದು.

ಹಿಂದೆ ಇದನ್ನು ಕಾರ್ಪೊರೇಷನ್ ಕ್ರೀಡಾಂಗಣ ಎನ್ನುತ್ತಿದ್ದರು. 1956ರ ಜನವರಿಯಲ್ಲಿ ಭಾರತ ಮತ್ತು ನ್ಯೂಜಿಲೆಂಡ್ ತಂಡಗಳು ಇಲ್ಲಿ ಟೆಸ್ಟ್ ಪಂದ್ಯವಾಡಿದವು. ವಿನೂ ಮಂಕಡ್ ಮತ್ತು ಪಂಕಜ್ ರಾಯ್ ಅವರು ಮೊದಲನೆಯ ವಿಕೆಟ್ಟಿಗೆ 413 ರನ್ನು ಸೇರಿಸಿದರು. ಆ ವಿಶ್ವದಾಖಲೆಯನ್ನು 52 ವರ್ಷ ಯಾರೂ ಮುರಿಯಲಿಲ್ಲ! ಬೆಂಗಳೂರಿನ ಸ್ಪಿನ್ ಬೌಲರ್ ಪ್ರಸನ್ನ ಅವರು ತಮ್ಮ ಮೊದಲ ಟೆಸ್ಟ್ ಆಡಿದ್ದೂ ಇಲ್ಲಿಯೇ, 1962ರಲ್ಲಿ. 1965ರ ನಂತರ ಇಲ್ಲಿ ಟೆಸ್ಟ್ ಪಂದ್ಯ ನಡೆಯಲಿಲ್ಲ. ಚೆನ್ನೈನ ಟೆಸ್ಟ್ ಪಂದ್ಯಗಳು ಚೇಪಾಕ್ ಮೈದಾನಕ್ಕೆ ಮರಳಿದವು.

1993ರಲ್ಲಿ ಈ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿದರು. ಈಗ ನಡುವೆ ಹುಲ್ಲಿನ ಫುಟ್‌ಬಾಲ್ ಅಂಗಳ, ಅದರ ಸುತ್ತ 400 ಮೀಟರಿನ ಓಟದ ಪಥ. ಇಲ್ಲಿ ಕ್ರಿಕೆಟ್ ಏಕೆ ಆಡಲಾಗದು? ಲೆಕ್ಕ ಮಾಡಿ ನೋಡಿರಿ. ದೊಡ್ಡ ಕ್ರಿಕೆಟ್ ಪಂದ್ಯಕ್ಕೆ ನಡುವಿನಿಂದ ಗಡಿಗೆರೆಯವರೆಗೆ ಸುಮಾರು 60 ಮೀಟರಾದರೂ ಬೇಕು. ಎರಡೂ ಕಡೆ ಸೇರಿದರೆ 120 ಮೀಟರು. ಆದರೆ ಇಂತಹ ಪಥದ ಒಳಗಿನ ಅಗಲ ಸುಮಾರು 73 ಮೀಟರು ಮಾತ್ರ. 68 ಮೀಟರು ಅಗಲದ ಫುಟ್‌ಬಾಲ್ ಅಂಗಳ ಅದರೊಳಗೆ ಹಿಡಿಸುತ್ತದೆ.

ಹಿಡಿಸಿತೆಂದ ಮಾತ್ರಕ್ಕೆ ಎಲ್ಲರೂ ಒಟ್ಟಿಗೆ ಆಡಲಾದೀತೇ? ಭರ್ಜಿ ಎಸೆಯುವಾಗ ಅದೇ ಹುಲ್ಲಿನ ಮೇಲೆ ಚೆಂಡಾಟವಾಡಿದರೆ ಪ್ರಾಣಕ್ಕೇ ಅಪಾಯ. ಸುತ್ತಿಗೆ ಎಸೆತದಲ್ಲಿ ಭಾರದ ಗುಂಡು ಬಿದ್ದಲ್ಲಿ ನೆಲ ಗುಳಿ ಬೀಳುತ್ತದೆ. ಅದನ್ನು ಮುಚ್ಚದಿದ್ದರೆ ಫುಟ್‌ಬಾಲ್ ಆಟಗಾರನ ಕಾಲು ಉಳುಕುತ್ತದೆ. ಆದ್ದರಿಂದ ಒಬ್ಬರು ಆಡುವಾಗ ಮತ್ತೊಬ್ಬರು ಕಾಯಬೇಕು. ನಿಮ್ಮ ಬಯಲಿನಲ್ಲಿಯೂ ಈ ಜಗಳ ಇದ್ದೇ ಇರುತ್ತದೆ, ಅಲ್ಲವೇ?

ಪಕ್ಕದಲ್ಲಿ ಮಾಡಿನ ಕೆಳಗೆ ಒಳಾಂಗಣ ಕ್ರೀಡಾಂಗಣವಿದೆ. ಬ್ಯಾಡ್ಮಿಂಟನ್ನಿನ ಗರಿಚೆಂಡು ಬಹಳ ಹಗುರ. ಸ್ವಲ್ಪ ಗಾಳಿ ಬೀಸಿದರೂ ದಾರಿ ತಪ್ಪುತ್ತದೆ. ಅಂತಹ ಆಟಗಳಿಗೆ ಮಾಡು, ಗೋಡೆ ಬೇಕೇ ಬೇಕು.

1995ರಲ್ಲಿ ಏಳು ದೇಶಗಳ ದಕ್ಷಿಣ ಏಷ್ಯಾ ಕ್ರೀಡಾಕೂಟ ಮದ್ರಾಸಿನಲ್ಲಿ ನಡೆದಾಗ ಇದೇ ಮುಖ್ಯ ಕ್ರೀಡಾಂಗಣ. ಮರುವರ್ಷ ಮದ್ರಾಸಿಗೆ ಚೆನ್ನೈ ಎಂದು ಹೆಸರಾಯಿತು. 2014ರಿಂದ ಚೆನ್ನೈಯಿನ್ ಫುಟ್‌ಬಾಲ್ ತಂಡ ತನ್ನ ತವರಿನ ಪಂದ್ಯಗಳನ್ನು ಇಲ್ಲಿ ಆಡತೊಡಗಿತು. 2022ರ ಜುಲೈ 28ರಂದು ಚೆಸ್ ಒಲಿಂಪಿಯಾಡ್ ಒಳಾಂಗಣದಲ್ಲಿ ಉದ್ಘಾಟನೆಯಾಯಿತು. ಓಟವೂ ಇಲ್ಲ, ಎಸೆತವೂ ಇಲ್ಲ. ಕುಳಿತು ಆಡುವ ಚದುರಂಗದವರಿಗೂ ಅಲ್ಲಿ ಜಾಗ ಸಿಕ್ಕಿತು.