ಬೇಲಿಯ ಗೋಸುಂಬೆ: ಮೊಟ್ಟೆ ಹೊತ್ತ ಹೆಣ್ಣನ್ನೂ ರೋಗದ ಚಿಹ್ನೆಗಳನ್ನೂ ಗುರುತಿಸುವುದು ಹೇಗೆ?

ಹೊಲದ ಬೇಲಿ, ಕುರುಚಲು ಪೊದೆ ಹಾಗೂ ತೋಟದ ಅಂಚಿನ ಮರಗಳಲ್ಲಿ ವಾಸಿಸುವ ಗೋಸುಂಬೆಯು ರೈತನಿಗೆ ಯಾವ ರೀತಿಯ ಕೆಡುಕನ್ನೂ ಮಾಡದ ಪ್ರಾಣಿ. ಮಿಡತೆ, ನೊಣ, ಪತಂಗ, ಕಂಬಳಿಹುಳು ಮುಂತಾದವು ಇದರ ಆಹಾರ. ಇಷ್ಟಾದರೂ ಇದು ವಿಷ ಉಗುಳುತ್ತದೆ, ಕಚ್ಚಿದರೆ ಬದುಕುವುದಿಲ್ಲ ಎಂಬ ತಪ್ಪು ತಿಳಿವಳಿಕೆಯಿಂದ ಕಂಡಲ್ಲಿ ಕಲ್ಲು ಹೊಡೆಯುವವರಿದ್ದಾರೆ. ಗೋಸುಂಬೆಗೆ ವಿಷವಿಲ್ಲ. ಹೀಗೆ ಸಾಯುವವುಗಳಲ್ಲಿ ಮೊಟ್ಟೆ ಇಡಲು ನೆಲಕ್ಕಿಳಿದ ಹೆಣ್ಣುಗಳೂ ಇರುತ್ತವೆ. ಅಂತಹ ಒಂದು ಹೆಣ್ಣು ಸತ್ತರೆ ಅದರೊಡನೆ ಹತ್ತರಿಂದ ಮೂವತ್ತು ಮೊಟ್ಟೆಗಳೂ ನಾಶವಾಗುತ್ತವೆ. ಆದ್ದರಿಂದ ಮೊಟ್ಟೆ ಹೊತ್ತ ಹೆಣ್ಣು ಯಾವುದು, ರೋಗ ತಗುಲಿದ ಪ್ರಾಣಿ ಯಾವುದು ಎಂಬುದನ್ನು ರೈತ ಬಾಂಧವರು ತಿಳಿದಿರುವುದು ಅಗತ್ಯ.

ಗೋಸುಂಬೆಯ ಗುರುತು

ಅನೇಕರು ಓತಿಕ್ಯಾತವನ್ನೇ ಗೋಸುಂಬೆ ಎಂದು ಕರೆಯುವುದುಂಟು. ಇವೆರಡೂ ಬೇರೆ ಬೇರೆ. ಓತಿಕ್ಯಾತ ಚುರುಕಾಗಿ ಓಡುತ್ತದೆ. ಗೋಸುಂಬೆ ಗಾಳಿಗೆ ಅಲುಗುವ ಎಲೆಯಂತೆ ತೂಗುತ್ತಾ ಒಂದೊಂದೇ ಹೆಜ್ಜೆ ಇಡುತ್ತದೆ. ಗೋಸುಂಬೆಯ ಮೈ ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆ. ತಲೆಯ ಹಿಂಭಾಗ ಟೋಪಿಯಂತೆ ಎತ್ತರವಾಗಿರುತ್ತದೆ. ಬಾಲವನ್ನು ಸುರುಳಿ ಸುತ್ತಿ ಕೊಂಬೆಗೆ ಬಿಗಿಯಬಲ್ಲದು. ಕಾಲ್ಬೆರಳುಗಳು ಇಕ್ಕಳದಂತೆ ಎರಡು ಗುಂಪಾಗಿ ಕೂಡಿಕೊಂಡಿವೆ: ಒಂದು ಗುಂಪಿನಲ್ಲಿ ಎರಡು, ಇನ್ನೊಂದರಲ್ಲಿ ಮೂರು. ಎರಡು ಕಣ್ಣುಗಳೂ ಒಂದಕ್ಕೊಂದು ಸಂಬಂಧವಿಲ್ಲದಂತೆ ತಿರುಗುತ್ತವೆ. ನಾಲಗೆಯನ್ನು ತನ್ನ ಮೈಯುದ್ದಕ್ಕೂ ಮೀರಿ ಚಾಚಿ ಕೀಟವನ್ನು ಹಿಡಿಯುತ್ತದೆ.

ಗಂಡಿನ ಹಿಂಗಾಲಿನ ಹಿಮ್ಮಡಿಯಲ್ಲಿ ಮುಳ್ಳಿನಂತಹ ಸಣ್ಣ ಮೊನೆ ಇದ್ದು, ಬಾಲದ ಬುಡ ದಪ್ಪಗಿರುತ್ತದೆ. ಹೆಣ್ಣಿನಲ್ಲಿ ಈ ಮೊನೆ ಇರುವುದಿಲ್ಲ. ಬಾಲದ ಬುಡ ಸಣ್ಣದು.

ರೋಗವೆಂದು ಭ್ರಮಿಸಬಾರದ ಲಕ್ಷಣಗಳು

ಕೆಲವು ಸಹಜ ನಡವಳಿಕೆಗಳು ನೋಡುವವರಿಗೆ ಕಾಯಿಲೆಯಂತೆ ತೋರುತ್ತವೆ. ಬೆಳಗಿನ ಹೊತ್ತು ಮೈಯನ್ನು ಕಪ್ಪಗೆ ಮಾಡಿಕೊಂಡು ಒಂದು ಪಕ್ಕವನ್ನು ಬಿಸಿಲಿಗೆ ಒಡ್ಡಿ ಕುಳಿತ ಗೋಸುಂಬೆ ಮೈ ಕಾಯಿಸಿಕೊಳ್ಳುತ್ತಿದೆ, ಅಷ್ಟೆ. ರಾತ್ರಿ ಬಿಳಚಿದ ಬಣ್ಣದಲ್ಲಿ ಕಣ್ಣು ಮುಚ್ಚಿ ಕುಳಿತದ್ದು ನಿದ್ರಿಸುತ್ತಿದೆ. ಸುಡು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಬಾಯಿ ತೆರೆಯುವುದು ಮೈಯ ಬಿಸಿ ಕಡಿಮೆ ಮಾಡಿಕೊಳ್ಳಲು. ಬಿಳಿಯ ಪೊರೆ ಚೂರು ಚೂರಾಗಿ ಉದುರುವುದು ಚರ್ಮ ಬಿಡುವ ಕ್ರಮ. ಬಣ್ಣ ಬದಲಾಗುವುದು ಬಿಸಿ, ಬೆಳಕು, ಹೆದರಿಕೆ, ಸಿಟ್ಟು ಮುಂತಾದ ಕಾರಣಗಳಿಂದಲೇ ಹೊರತು ಹತ್ತಿರವಿದ್ದ ವಸ್ತುವಿನ ಬಣ್ಣವನ್ನು ನಕಲು ಮಾಡಲು ಅಲ್ಲ.

ಮೊಟ್ಟೆ ಹೊತ್ತ ಹೆಣ್ಣಿನ ಚಿಹ್ನೆಗಳು

ನಮ್ಮ ಕಡೆಯ ಗೋಸುಂಬೆಯು ಸಾಮಾನ್ಯವಾಗಿ ಮುಂಗಾರು ಮುಗಿದು ಹಿಂಗಾರು ತೊಡಗುವ ಕಾಲದಲ್ಲಿ ಮೊಟ್ಟೆ ಇಡುತ್ತದೆ. ಈ ದಿನಗಳಲ್ಲಿ ಕೆಳಗಿನ ಚಿಹ್ನೆಗಳನ್ನು ಗಮನಿಸಬೇಕು.

1. ಹೊಟ್ಟೆಯ ಎರಡೂ ಪಕ್ಕಗಳು ಉಬ್ಬಿ, ಚಪ್ಪಟೆಯಾಗಿದ್ದ ಮೈ ದುಂಡಗಾಗುತ್ತದೆ. ದಿನ ತುಂಬಿದಾಗ ಚರ್ಮದ ಕೆಳಗೆ ಅವರೆಕಾಳು ತುಂಬಿದ ಚೀಲದಂತೆ ಉಬ್ಬುತಗ್ಗುಗಳು ಕಾಣಬಹುದು. ಬರೀ ಕೊಬ್ಬಿನಿಂದ ದಪ್ಪಗಾದ ಪ್ರಾಣಿಯಲ್ಲಿ ಈ ಗಂಟುಗಳು ಇರುವುದಿಲ್ಲ.

2. ಗಂಡು ಹತ್ತಿರ ಬಂದರೆ ಮೈಯನ್ನು ಕಪ್ಪಾಗಿಸಿ, ಬಾಯಿ ತೆರೆದು, ಮೈ ತೂಗಿ ಬುಸುಗುಟ್ಟುತ್ತದೆ.

3. ದಿನ ಹತ್ತಿರವಾದಂತೆ ತಿನ್ನುವುದು ಕಡಿಮೆಯಾಗುತ್ತದೆ; ನೀರು ಕುಡಿಯುವುದು ನಿಲ್ಲುವುದಿಲ್ಲ.

4. ಮರದಲ್ಲೇ ಇರಬೇಕಾದ ಪ್ರಾಣಿ ಹಗಲಿನಲ್ಲಿ ನೆಲಕ್ಕಿಳಿದು ಅತ್ತಿತ್ತ ಓಡಾಡುತ್ತದೆ. ಮುಂಗಾಲುಗಳಿಂದ ಅಲ್ಲಲ್ಲಿ ಮಣ್ಣು ಕೆದಕಿ ನೋಡುತ್ತದೆ. ಇದೇ ಎಲ್ಲಕ್ಕಿಂತ ಸ್ಪಷ್ಟವಾದ ಚಿಹ್ನೆ.

ತಕ್ಕ ಜಾಗ ಸಿಕ್ಕಿದ ಮೇಲೆ ಹೆಣ್ಣು ಹಸಿಯಾದ, ಸಡಿಲವಾದ ಮಣ್ಣಿನಲ್ಲಿ ಗೇಣುದ್ದದಿಂದ ಒಂದು ಅಡಿಯವರೆಗೆ ಗುಳಿ ತೋಡಿ, ಅದರಲ್ಲಿ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಕಾಲಿನಿಂದ ಒತ್ತಿ ಹೋಗುತ್ತದೆ. ಈ ಕೆಲಸಕ್ಕೆ ಹಲವು ಗಂಟೆಗಳೇ ಬೇಕು. ನಡುವೆ ಯಾರಾದರೂ ಕೆಣಕಿದರೆ ಗುಳಿಯನ್ನು ಅರ್ಧಕ್ಕೇ ಬಿಟ್ಟುಹೋಗುವುದುಂಟು. ಮೊಟ್ಟೆಯ ಹೊದಿಕೆ ಕೋಳಿಮೊಟ್ಟೆಯಂತೆ ಗಟ್ಟಿಯಲ್ಲ. ಚರ್ಮದಂತೆ ಮೆತ್ತಗಿದ್ದು ಮಣ್ಣಿನ ತೇವವನ್ನು ಹೀರಿಕೊಳ್ಳುತ್ತದೆ. ತಾಯಿ ಕಾವು ಕೊಡುವುದಿಲ್ಲ. ಮಣ್ಣಿನ ಬಿಸಿಯಲ್ಲಿಯೇ ತಿಂಗಳುಗಟ್ಟಲೆ ಇದ್ದು ಮರಿಗಳು ಹೊರಬರುತ್ತವೆ.

ಮೊಟ್ಟೆ ಹೊರಬಾರದಿದ್ದಾಗ

ಕೋಳಿಗಳಲ್ಲಿ ಮೊಟ್ಟೆ ಸಿಕ್ಕಿಕೊಳ್ಳುವಂತೆ ಗೋಸುಂಬೆಯಲ್ಲಿಯೂ ಆಗುವುದುಂಟು. ಸುಣ್ಣದಂಶದ ಕೊರತೆ, ಮೈಯಲ್ಲಿ ನೀರು ಕಡಿಮೆಯಾಗುವುದು, ತೋಡಲು ಯೋಗ್ಯ ಮಣ್ಣು ಸಿಗದಿರುವುದು, ಪದೇ ಪದೇ ತೊಂದರೆಗೊಳಗಾಗುವುದು ಹಾಗೂ ಮೊಟ್ಟೆ ತೀರಾ ದೊಡ್ಡದಾಗಿರುವುದು ಇದಕ್ಕೆ ಕಾರಣಗಳು. ಹೊಟ್ಟೆ ಉಬ್ಬಿದ್ದರೂ ಮಣ್ಣು ತೋಡದೆ ನೆಲದ ಮೇಲೆ ಸುಸ್ತಾಗಿ ಬಿದ್ದಿರುವುದು, ಹಗಲಿನಲ್ಲಿ ಕಣ್ಣು ಮುಚ್ಚುವುದು, ಮುಕ್ಕಿದರೂ ಏನೂ ಹೊರಬಾರದಿರುವುದು, ಒಂದೆರಡು ಮೊಟ್ಟೆ ಹಾಕಿ ನಿಲ್ಲಿಸುವುದು ಅಪಾಯದ ಚಿಹ್ನೆಗಳು. ತೋಡುತ್ತಿರುವ ಹೆಣ್ಣು ಚುರುಕಾಗಿರುತ್ತದೆ. ಮೊಟ್ಟೆ ಸಿಕ್ಕಿಕೊಂಡ ಹೆಣ್ಣು ಮಂಕಾಗಿರುತ್ತದೆ. ಈ ಒಂದು ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ಇಂತಹ ಸ್ಥಿತಿಯಲ್ಲಿ ಹೊಟ್ಟೆಯನ್ನು ಒತ್ತಿ ಮೊಟ್ಟೆ ತೆಗೆಯಲು ಎಂದಿಗೂ ಪ್ರಯತ್ನಿಸಬಾರದು. ಒಳಗೆ ಮೊಟ್ಟೆ ಒಡೆದರೆ ಪ್ರಾಣಿ ಸಾಯುತ್ತದೆ. ಪಶುವೈದ್ಯರು ಎಕ್ಸ್-ರೇ ತೆಗೆದು ಪರೀಕ್ಷಿಸಿ, ಸುಣ್ಣದಂಶದ ಚುಚ್ಚುಮದ್ದು, ಮೊಟ್ಟೆ ಹೊರತರುವ ಔಷಧ ಅಥವಾ ಶಸ್ತ್ರಚಿಕಿತ್ಸೆಯಲ್ಲಿ ಯಾವುದು ಬೇಕೆಂಬುದನ್ನು ನಿರ್ಧರಿಸುತ್ತಾರೆ.

ಇತರ ತೊಂದರೆಗಳ ಲಕ್ಷಣಗಳು

ನೀರಿನ ಕೊರತೆ: ಕಣ್ಣುಗುಡ್ಡೆ ಒಳಕ್ಕೆ ಕುಸಿದಿರುತ್ತದೆ, ಚರ್ಮ ಸುಕ್ಕಾಗುತ್ತದೆ. ಕೋಳಿಯ ಹಿಕ್ಕೆಯಂತೆ ಇದರ ಹಿಕ್ಕೆಯಲ್ಲಿಯೂ ಬಿಳಿಯ ಭಾಗವಿರುತ್ತದೆ. ಅದು ಬಿಳಿಯಾಗಿರದೆ ಗಾಢ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ನೀರು ಸಾಲದೆಂದು ತಿಳಿಯಬೇಕು. ಗೋಸುಂಬೆ ಬಟ್ಟಲಿನ ನೀರನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಎಲೆಯ ಮೇಲಿನ ಇಬ್ಬನಿ, ಮಳೆಹನಿಗಳನ್ನೇ ನೆಕ್ಕುತ್ತದೆ.

ಮೂಳೆ ಮೆತ್ತಗಾಗುವುದು: ಕಾಲುಗಳು ಬಿಲ್ಲಿನಂತೆ ಬಾಗುತ್ತವೆ, ದವಡೆ ಮೆತ್ತಗಾಗುತ್ತದೆ, ಕೊಂಬೆಯ ಹಿಡಿತ ತಪ್ಪುತ್ತದೆ, ನಾಲಗೆ ಪೂರ್ತಿ ಚಾಚುವುದಿಲ್ಲ. ಬಿಸಿಲು ಮತ್ತು ಸುಣ್ಣದಂಶ ಸಾಲದೆ ಬರುವ ಈ ತೊಂದರೆ ಪಂಜರದಲ್ಲಿ ಸಾಕಿದ ಪ್ರಾಣಿಗಳಲ್ಲಿ ಹೆಚ್ಚು. ಮೊಟ್ಟೆ ಹೊತ್ತ ಹೆಣ್ಣಿಗೆ ಇದರ ಅಪಾಯ ಇನ್ನೂ ಹೆಚ್ಚು.

ಶ್ವಾಸಕೋಶದ ಸೋಂಕು: ನೆರಳಿನಲ್ಲಿ, ತಂಪು ಹೊತ್ತಿನಲ್ಲಿಯೂ ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಅಂಟಾದ ಲೋಳೆ, ಉಸಿರಿನಲ್ಲಿ ಟಿಕ್ ಟಿಕ್ ಸದ್ದು.

ಕೀಟನಾಶಕದ ವಿಷ: ಸಿಂಪರಣೆಯಾದ ಹೊಲದ ಅಂಚಿನಲ್ಲಿ ನಡುಗುತ್ತಾ, ಜೊಲ್ಲು ಸುರಿಸುತ್ತಾ, ಹಿಡಿತ ತಪ್ಪಿ ಬಿದ್ದ ಗೋಸುಂಬೆಯಿದ್ದರೆ ವಿಷ ತಗುಲಿರುವ ಸಂಭವವಿದೆ. ವಿಷ ತಗುಲಿದ ಕೀಟವನ್ನು ತಿಂದರೂ ಹೀಗಾಗಬಹುದು.

ಸಾಕುವ ವಿಚಾರ

ನಮ್ಮ ದೇಶದ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಇದನ್ನು ಹಿಡಿಯುವುದು, ಮನೆಯಲ್ಲಿ ಸಾಕುವುದು, ಮಾರುವುದು ಅಪರಾಧ. ಔಷಧಕ್ಕೆಂದೋ ಮಾಟಕ್ಕೆಂದೋ ಕೊಳ್ಳಲು ಬರುವವರಿಗೆ ಹಿಡಿದುಕೊಟ್ಟರೆ ಕೊಟ್ಟವರೂ ತಪ್ಪಿತಸ್ಥರಾಗುತ್ತಾರೆ.

ಪಟ್ಟಣಗಳಲ್ಲಿ ಕೆಲವರು ಸಾಕುವುದು ಯೆಮೆನ್ ಹಾಗೂ ಸೌದಿ ಅರೇಬಿಯದ ನೈಋತ್ಯ ಭಾಗದ ಮೂಲದ ಬೇರೊಂದು ಜಾತಿಯನ್ನು. ಇಂತಹ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ನೋಂದಣಿ ಮಾಡಿಸಬೇಕು. ಆ ಜಾತಿಯ ಹೆಣ್ಣು ಗಂಡಿನ ಸಹವಾಸವಿಲ್ಲದೆಯೂ ಮೊಟ್ಟೆ ಇಡುತ್ತದೆ. ಆದ್ದರಿಂದ ಒಂಟಿ ಹೆಣ್ಣನ್ನು ಸಾಕಿದವರೂ ಪಂಜರದಲ್ಲಿ ಒಂದು ಅಡಿ ಆಳದಷ್ಟು ಹಸಿ ಮರಳು ತುಂಬಿದ ತೊಟ್ಟಿ ಇಡದಿದ್ದರೆ ಮೊಟ್ಟೆ ಸಿಕ್ಕಿಕೊಂಡು ಪ್ರಾಣಿ ಸಾಯುವ ಅಪಾಯವಿದೆ.

ರೈತರು ಅನುಸರಿಸಬೇಕಾದ ಕ್ರಮಗಳು

1. ನೆಲದ ಮೇಲೆ ನಿಧಾನವಾಗಿ ನಡೆಯುವ, ಹೊಟ್ಟೆ ಉಬ್ಬಿದ ಗೋಸುಂಬೆಯನ್ನು ಹೊಡೆಯಬಾರದು, ಮಕ್ಕಳಿಗೂ ತಿಳಿಹೇಳಬೇಕು. ನಾಯಿ, ಬೆಕ್ಕು, ಕೋಳಿಗಳನ್ನು ಅತ್ತ ಬಿಡಬಾರದು.

2. ಗುಳಿ ತೋಡುತ್ತಿದ್ದರೆ ಹತ್ತು ಹದಿನೈದು ಹೆಜ್ಜೆ ದೂರವಿದ್ದು, ಸಂಜೆಯವರೆಗೆ ಆ ಮೂಲೆಯ ಕೆಲಸವನ್ನು ಮುಂದೂಡುವುದು ಒಳ್ಳೆಯದು. ಆಮೇಲೆ ಅಲ್ಲಿ ಒಂದು ಗೂಟ ನೆಟ್ಟು ಗುರುತು ಮಾಡಿದರೆ ಉಳುಮೆಯಲ್ಲಿ ಮೊಟ್ಟೆ ಹಾಳಾಗುವುದು ತಪ್ಪುತ್ತದೆ.

3. ಅಗೆಯುವಾಗ ಮೊಟ್ಟೆಗಳು ಕಂಡರೆ ಹೊರಳಿಸದೆ, ಮೇಲಿದ್ದ ಭಾಗ ಮೇಲೆಯೇ ಇರುವಂತೆ ಅದೇ ಜಾಗದಲ್ಲಿ ಹಸಿ ಮಣ್ಣು ಮುಚ್ಚಬೇಕು.

4. ರಸ್ತೆ ದಾಟುತ್ತಿದ್ದರೆ ಉದ್ದನೆಯ ಕೋಲು ಚಾಚಿ, ಅದು ಹತ್ತಿದ ಮೇಲೆ ತಾನು ಹೊರಟ ದಿಕ್ಕಿನ ಬೇಲಿಗೇ ಬಿಡಬೇಕು.

5. ಬೇಲಿಗೆ ಬೆಂಕಿ ಹಚ್ಚುವುದನ್ನು ಬಿಡಬೇಕು. ಕೀಟನಾಶಕವನ್ನು ಅಗತ್ಯವಿದ್ದಾಗ, ಶಿಫಾರಸು ಮಾಡಿದ ಪ್ರಮಾಣದಲ್ಲಿ ಬೆಳೆಗೆ ಮಾತ್ರ ಸಿಂಪಡಿಸಬೇಕು; ಬೇಲಿಗೆ ತಾಗಿಸಬಾರದು.

6. ಗಾಯಗೊಂಡ ಅಥವಾ ಮೊಟ್ಟೆ ಸಿಕ್ಕಿಕೊಂಡ ಪ್ರಾಣಿ ಕಂಡರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕು. ಅವರು ಬರುವವರೆಗೆ ಗಾಳಿಯಾಡುವ ಪೆಟ್ಟಿಗೆಯಲ್ಲಿ ಒಂದು ಸೊಪ್ಪಿನ ಕೊಂಬೆಯಿಟ್ಟು, ಪ್ರಾಣಿಯನ್ನು ಅದರಲ್ಲಿ ನೆರಳಿನಲ್ಲಿಡಬಹುದು. ಬಾಯಿಗೆ ನೀರು, ಹಾಲು, ಔಷಧ ಹೊಯ್ಯಬಾರದು.

ಈ ಕ್ರಮಗಳಿಗೆ ರೈತನಿಗೆ ತಗಲುವ ಖರ್ಚು ಒಂದು ಗೂಟ, ಅರ್ಧ ದಿನದ ತಾಳ್ಮೆ ಮಾತ್ರ. ಅದರಿಂದ ಉಳಿಯುವ ಮರಿಗಳು ಮುಂದಿನ ಹಂಗಾಮಿನಲ್ಲಿ ಅದೇ ಬೇಲಿಯ ಮೇಲೆ ಕುಳಿತು ಕೂಲಿಯಿಲ್ಲದೆ ಕೀಟ ಹಿಡಿಯುತ್ತವೆ.