ಲೈಸೆನ್ಸ್ ಬೇಡ, ಸದ್ದಿಲ್ಲ, ಕಾಡಲ್ಲೂ ಓಡುತ್ತೆ: 'ಹಂಟಿಂಗ್ ಇ-ಬೈಕ್' ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಇಂಥದ್ದೊಂದು ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ದಪ್ಪ ಟೈರಿನ ಸೈಕಲ್, ಎಲೆಬಣ್ಣದ ಪೇಂಟು, ಹಿಂದೆ ಸಾಮಾನು ಎಳೆಯುವ ಪುಟ್ಟ ಗಾಡಿ, ಸವಾರನ ಬೆನ್ನಿಗೆ ಬಂದೂಕು. ಕಲ್ಲು, ಕೆಸರು, ಹಳ್ಳ ಎಲ್ಲವನ್ನೂ ದಾಟಿ ಸದ್ದಿಲ್ಲದೆ ಬೆಟ್ಟ ಹತ್ತುತ್ತದೆ. ಕೆಳಗೆ ಬರಹ: 'ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಒಂದು ಚಾರ್ಜಿಗೆ 100 ಕಿ.ಮೀ., ಪ್ರಾಣಿಗಳಿಗೆ ಗೊತ್ತೇ ಆಗಲ್ಲ. ಮಲೆನಾಡಿನವರಿಗೆ ಹೇಳಿ ಮಾಡಿಸಿದ್ದು!'

ತೋಟ, ಗದ್ದೆ ಇರುವವರಿಗೆ ಇದು ಆಸೆ ಹುಟ್ಟಿಸುವ ವಸ್ತುವೇ. ಆದರೆ ಈ ಮಾತುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಶುದ್ಧ ಸುಳ್ಳು, ಒಂದೆರಡು ಜೈಲಿಗೋ ಆಸ್ಪತ್ರೆಗೋ ಕಳಿಸಬಲ್ಲವು. ಒಂದೊಂದಾಗಿ ನೋಡೋಣ.

ಇದು ಎಲ್ಲಿಯ ಗಾಡಿ?

ಬೇಟೆಗೆಂದೇ ಇ-ಬೈಕ್ ಮಾರುವ ಮಾರುಕಟ್ಟೆ ಮುಖ್ಯವಾಗಿ ಅಮೆರಿಕದ್ದು. ಅಲ್ಲಿ ಲೈಸೆನ್ಸ್ ಪಡೆದು, ನಿಗದಿತ ಋತುವಿನಲ್ಲಿ ಜಿಂಕೆ, ಎಲ್ಕ್ ಮುಂತಾದವನ್ನು ಬೇಟೆಯಾಡಲು ಅವಕಾಶವಿದೆ. ರಸ್ತೆಯಿಂದ ಹಲವು ಕಿಲೋಮೀಟರ್ ಒಳಗೆ ಹೋಗಬೇಕು, ಬರುವಾಗ ಭಾರ ಹೊತ್ತು ತರಬೇಕು. ಅದಕ್ಕಾಗಿ ದಪ್ಪ ಟೈರ್, ದೊಡ್ಡ ಬ್ಯಾಟರಿ, ಹಿಂದೆ ಟ್ರೇಲರ್.

ಆದರೆ ಅಲ್ಲೂ ಎಲ್ಲೆಂದರಲ್ಲಿ ಓಡಿಸುವಂತಿಲ್ಲ. ಅಮೆರಿಕದ ಅರಣ್ಯ ಸೇವೆ ಇ-ಬೈಕನ್ನು ಮೋಟಾರು ವಾಹನದಂತೆ ಪರಿಗಣಿಸುತ್ತದೆ. ಮೋಟಾರು ವಾಹನಗಳಿಗೆ ತೆರೆದಿರುವ ದಾರಿಯಲ್ಲಷ್ಟೇ ಸಾಮಾನ್ಯವಾಗಿ ಅನುಮತಿ. 1964ರ ಕಾಯ್ದೆಯಡಿ 'ವೈಲ್ಡರ್‌ನೆಸ್' ಎಂದು ಘೋಷಿತವಾದ ಪ್ರದೇಶಗಳಲ್ಲಂತೂ ಮೋಟಾರಿಲ್ಲದ ಮಾಮೂಲಿ ಸೈಕಲ್ಲನ್ನೂ ಬಿಡುವುದಿಲ್ಲ. ವಿಡಿಯೊದಲ್ಲಿ ಈ ಭಾಗ ಇರುವುದಿಲ್ಲ.

ಮಾತು 1: 'ಲೈಸೆನ್ಸ್, ನೋಂದಣಿ ಏನೂ ಬೇಡ'

ಅರ್ಧ ಸತ್ಯ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇದ್ದು, ವೇಗ ಗಂಟೆಗೆ 25 ಕಿ.ಮೀ. ದಾಟದಿದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ನೋಂದಣಿ, ಡ್ರೈವಿಂಗ್ ಲೈಸೆನ್ಸ್ ಬೇಡ.

ವಿಡಿಯೊದಲ್ಲಿ ಕಾಣುವ ಬೈಕ್ ಅದಲ್ಲ. ಅಮೆರಿಕದ ಕೇಂದ್ರ ಕಾನೂನು 750 ವ್ಯಾಟ್‌ವರೆಗಿನದನ್ನು ಸೈಕಲ್ ಎನ್ನುತ್ತದೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಗಂಟೆಗೆ 32 ಕಿ.ಮೀ., ಒಂದು ವರ್ಗಕ್ಕೆ 45 ಕಿ.ಮೀ. ತನಕ ಮೋಟಾರಿನ ನೆರವು ಸಿಗಬಹುದು. ಯುರೋಪಿನಲ್ಲಿ ಮಿತಿ ನಮ್ಮಂತೆಯೇ, 250 ವ್ಯಾಟ್ ಮತ್ತು 25 ಕಿ.ಮೀ. ಅಂದರೆ ಅಲ್ಲಿ ಸೈಕಲ್ ಎನಿಸಿಕೊಂಡ 750 ವ್ಯಾಟ್ ಬೈಕ್ ನಮ್ಮ ರಸ್ತೆಗೆ ಬಂದರೆ ಮೋಟಾರು ವಾಹನ. ನೋಂದಣಿ, ಲೈಸೆನ್ಸ್, ವಿಮೆ, ಹೆಲ್ಮೆಟ್ ಎಲ್ಲವೂ ಬೇಕು.

'ಒಂದು ವೈರ್ ಕಟ್ ಮಾಡಿದ್ರೆ ಸ್ಪೀಡ್ ಲಿಮಿಟ್ ಹೋಗುತ್ತೆ' ಎನ್ನುವ ಸಲಹೆಯೂ ಓಡಾಡುತ್ತಿರುತ್ತದೆ. ವೈರ್ ಕಟ್ ಆದ ಕ್ಷಣವೇ ಆ ವಿನಾಯಿತಿಯೂ ಕಟ್. ಅದೇ ಬೈಕಿನಿಂದ ಯಾರಿಗಾದರೂ ಪೆಟ್ಟಾದರೆ, ನೋಂದಣಿಯೂ ವಿಮೆಯೂ ಇಲ್ಲದ ವಾಹನ ಓಡಿಸಿದವರು ನೀವೇ ಆಗುತ್ತೀರಿ.

ಮಾತು 2: 'ವ್ಯಾಟ್ ಜಾಸ್ತಿ ಇದ್ರೆ ಬೆಟ್ಟ ಹತ್ತುತ್ತೆ'

ವ್ಯಾಟ್ ಮುಖ್ಯವೇ. ಆದರೆ ಜಾಹೀರಾತಿನಲ್ಲಿ ಬರೆದಿರುವುದು ಹಲವು ಬಾರಿ 'ಪೀಕ್', ಅಂದರೆ ಕೆಲವು ಸೆಕೆಂಡು ಮಾತ್ರ ಸಿಗುವ ಶಕ್ತಿ. ಅರ್ಧ ಗಂಟೆ ಬಿಡದೆ ಏರು ಹತ್ತಲು ಬೇಕಾದದ್ದು ನಿರಂತರ ಶಕ್ತಿ.

ಒಂದು ಸಣ್ಣ ಲೆಕ್ಕ ಮಾಡೋಣ. ಸವಾರ 75 ಕೆ.ಜಿ., ಬೈಕ್ 35 ಕೆ.ಜಿ., ಸಾಮಾನು 20 ಕೆ.ಜಿ., ಒಟ್ಟು 130 ಕೆ.ಜಿ. ನೂರು ಮೀಟರ್ ಹೋದರೆ ಹತ್ತು ಮೀಟರ್ ಏರುವ ಮಣ್ಣಿನ ದಾರಿ. ಇಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಲು ಚಕ್ರಕ್ಕೆ ಸುಮಾರು 450 ವ್ಯಾಟ್ ಸಿಗಬೇಕು. 250 ವ್ಯಾಟ್ ಮಾತ್ರ ಸಿಕ್ಕಿದರೆ ವೇಗ ಐದೂವರೆ ಕಿ.ಮೀ.ಗೆ ಇಳಿಯುತ್ತದೆ, ಅದು ಚುರುಕಾಗಿ ನಡೆಯುವ ವೇಗ. ನೀವೂ ಪೆಡಲ್ ತುಳಿದು 100 ವ್ಯಾಟ್ ಸೇರಿಸಿದರೆ ಏಳೂವರೆ ಆಗುತ್ತದೆ. ಕಾನೂನಿನ ಮಿತಿಯೊಳಗಿನ ಬೈಕ್ ಕೂಡ ಏರು ಹತ್ತಬಲ್ಲದು, ಆದರೆ ನೀವೂ ತುಳಿಯಬೇಕು.

ವ್ಯಾಟ್‌ಗಿಂತ ಮೊದಲು ನೋಡಬೇಕಾದದ್ದು ಮೋಟಾರ್ ಎಲ್ಲಿದೆ ಎಂಬುದನ್ನು. ಚಕ್ರದ ಗುಂಭದಲ್ಲಿದ್ದರೆ 'ಹಬ್ ಮೋಟಾರ್', ಪೆಡಲ್ ಬಳಿ ಇದ್ದರೆ 'ಮಿಡ್ ಡ್ರೈವ್'. ಹಬ್ ಮೋಟಾರ್ ಅಗ್ಗ, ಸರಳ. ಆದರೆ ಕಡಿದಾದ ಏರಿನಲ್ಲಿ ಚಕ್ರ ನಿಧಾನವಾದಂತೆ ಮೋಟಾರೂ ನಿಧಾನವಾಗಿ, ಕರೆಂಟು ತಿರುಗುವ ಬಲವಾಗುವ ಬದಲು ಬಿಸಿಯಾಗಿ ಹೋಗುತ್ತದೆ. ಮಿಡ್ ಡ್ರೈವ್ ಚೈನ್ ಮತ್ತು ಗೇರಿನ ಮೂಲಕ ಕೆಲಸ ಮಾಡುವುದರಿಂದ, ಗೇರ್ ಇಳಿಸಿದರೆ ಚಕ್ರ ನಿಧಾನವಾದರೂ ಮೋಟಾರ್ ಹದವಾದ ವೇಗದಲ್ಲೇ ತಿರುಗುತ್ತದೆ.

ಎಳೆಯುವ ಬಲವನ್ನು, ಅಂದರೆ ಟಾರ್ಕನ್ನು, ನ್ಯೂಟನ್ ಮೀಟರಿನಲ್ಲಿ ಬರೆದಿರುತ್ತಾರೆ. ಎರಡೂ ಬೈಕಿನಲ್ಲಿ '80' ಎಂದಿದ್ದರೆ ಎರಡೂ ಒಂದೇ ಅಲ್ಲ. ಮಿಡ್ ಡ್ರೈವಿನಲ್ಲಿ ಮುಂದಿನ ಚಕ್ರಹಲ್ಲು 32, ಹಿಂದಿನದು 48 ಇರುವ ಗೇರಿಗೆ ಹಾಕಿದರೆ ಆ 80 ಚಕ್ರದಲ್ಲಿ ಸುಮಾರು 120 ಆಗುತ್ತದೆ. ಹಬ್ ಮೋಟಾರಿನ 80 ಎಂಬತ್ತೇ. ಇದಕ್ಕೆ ತೆರುವ ಬೆಲೆಯೂ ಇದೆ: ಮಿಡ್ ಡ್ರೈವಿನಲ್ಲಿ ಚೈನ್ ಬೇಗ ಸವೆಯುತ್ತದೆ, ರಿಪೇರಿ ದುಬಾರಿ. ದಾರಿ ಹೆಚ್ಚು ಕಡಿಮೆ ಸಮತಟ್ಟಾಗಿದ್ದರೆ ಹಬ್ ಮೋಟಾರೇ ಸಾಕು.

ಮಾತು 3: 'ಒಂದು ಚಾರ್ಜಿಗೆ 100 ಕಿ.ಮೀ.'

ಬ್ಯಾಟರಿ ಮೇಲೆ ವೋಲ್ಟ್ ಮತ್ತು ಆಂಪಿಯರ್-ಅವರ್ ಎಂಬ ಎರಡು ಸಂಖ್ಯೆ ಇರುತ್ತವೆ. ಎರಡನ್ನೂ ಗುಣಿಸಿ. 48 ವೋಲ್ಟ್, 15 ಆಂಪಿಯರ್-ಅವರ್ ಇದ್ದರೆ 720 ವ್ಯಾಟ್-ಅವರ್. ನಿಮ್ಮ ಟ್ಯಾಂಕಿನ ಅಳತೆ ಇದೇ.

ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಪೆಡಲ್ ತುಳಿಯುತ್ತ ಹೋದರೆ ಕಿಲೋಮೀಟರಿಗೆ ಸುಮಾರು 8 ವ್ಯಾಟ್-ಅವರ್ ಸಾಕಾಗಬಹುದು. ಆಗ 90 ಕಿ.ಮೀ. ಸಿಗುತ್ತದೆ. ದಪ್ಪ ಟೈರ್, ಮಣ್ಣುದಾರಿ, ಹಿಂದೆ ಹೊರೆ, ಪೆಡಲ್ ಮುಟ್ಟದೆ ಬರೀ ಎಕ್ಸಲರೇಟರ್ ತಿರುವುತ್ತ ಹೋದರೆ ಇದು 20–25ಕ್ಕೆ ಏರುವುದು ಕಷ್ಟವಲ್ಲ. ಆಗ ಅದೇ ಬ್ಯಾಟರಿ ಸುಮಾರು 30 ಕಿ.ಮೀ.ಗೆ ಮುಗಿಯುತ್ತದೆ. ಎರಡೂ ನಿಜವೇ. ಜಾಹೀರಾತು ಮೊದಲನೆಯದನ್ನು ಮಾತ್ರ ಹೇಳುತ್ತದೆ.

ಬ್ಯಾಟರಿ ಮುಗಿದ ಮೇಲೆ 35 ಕೆ.ಜಿ. ಬೈಕನ್ನು ಏರಿನಲ್ಲಿ ತಳ್ಳಬೇಕು. ಹಾಗಾಗಿ ಸರಳ ನಿಯಮ: ಅರ್ಧ ಬ್ಯಾಟರಿ ಆಗುವ ಮೊದಲೇ ಹಿಂದಿರುಗಿ. ಚಳಿಯಲ್ಲಿ ಲಿಥಿಯಂ ಬ್ಯಾಟರಿ ಇನ್ನೂ ಕಡಿಮೆ ಕೊಡುತ್ತದೆ. ಅಮೆರಿಕದ ಬೇಟೆಯ ಋತು ಶರತ್ಕಾಲದ ಚಳಿಯಲ್ಲೇ ಬರುವುದರಿಂದ ಅಲ್ಲಿನವರು ದೊಡ್ಡ ಬ್ಯಾಟರಿ ಹುಡುಕುತ್ತಾರೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೇಬಾರದು. ಹೊರದೇಶದ ಚಳಿನಾಡಿನಲ್ಲಿರುವ ನಮ್ಮವರು ಇದನ್ನು ನೆನಪಿಡಿ.

ಮಾತು 4: 'ಇಳಿಜಾರಿನಲ್ಲಿ ತಾನೇ ಚಾರ್ಜ್ ಆಗುತ್ತೆ'

ಬಹುಪಾಲು ಸುಳ್ಳು. ಹೆಚ್ಚಿನ ಮಿಡ್ ಡ್ರೈವ್ ಮತ್ತು ಗೇರ್ ಇರುವ ಹಬ್ ಮೋಟಾರುಗಳಲ್ಲಿ ಇಳಿಯುವಾಗ ಚಕ್ರ ತಾನಾಗಿ ತಿರುಗುತ್ತದೆ, ಮೋಟಾರ್ ತಿರುಗುವುದೇ ಇಲ್ಲ. ಮತ್ತೆ ಕರೆಂಟು ಎಲ್ಲಿಂದ ಬರಬೇಕು? ಕೆಲವು ಹಬ್ ಮೋಟಾರುಗಳಲ್ಲಿ ಈ ಸೌಲಭ್ಯ ಇದೆ, ಆದರೆ ಲಾಭ ಸಣ್ಣದು. ನಮ್ಮ 130 ಕೆ.ಜಿ.ಯನ್ನು 300 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 106 ವ್ಯಾಟ್-ಅವರ್ ಬೇಕು. ಮೋಟಾರಿನ ನಷ್ಟ ಸೇರಿದರೆ ಬ್ಯಾಟರಿಯಿಂದ 140ರಷ್ಟು ಖರ್ಚಾಗುತ್ತದೆ. ಇಳಿಯುವಾಗ ವಾಪಸ್ ಸಿಗಬಹುದಾದದ್ದು ಆ 106ರೊಳಗೇ. ಅದರಲ್ಲೂ ಟೈರು, ಗಾಳಿ, ಬ್ರೇಕು ತಮ್ಮ ಪಾಲು ತಿಂದ ಮೇಲೆ ಉಳಿದಷ್ಟು.

ಮಾತು 5: 'ಸದ್ದಿಲ್ಲ, ಪ್ರಾಣಿಗಳಿಗೆ ಗೊತ್ತಾಗಲ್ಲ'

ಇದು ಎಲ್ಲಕ್ಕಿಂತ ಅಪಾಯದ ಮಾತು. ಪೆಟ್ರೋಲ್ ಬೈಕಿಗೆ ಹೋಲಿಸಿದರೆ ಇ-ಬೈಕ್ ಸದ್ದು ಕಡಿಮೆ, ನಿಜ. ಆದರೆ ಮಿಡ್ ಡ್ರೈವ್ ಏರಿನಲ್ಲಿ ಗುಂಯ್‌ಗುಡುತ್ತದೆ, ಟೈರಿನಡಿ ಒಣ ಎಲೆ ಪರಪರ ಎನ್ನುತ್ತದೆ, ಮತ್ತು ಮನುಷ್ಯನ ವಾಸನೆಯನ್ನು ಯಾವ ಬ್ಯಾಟರಿಯೂ ಅಡಗಿಸುವುದಿಲ್ಲ. ಜಿಂಕೆಯ ಕಿವಿ, ಆನೆಯ ಸೊಂಡಿಲು ಅದನ್ನೆಲ್ಲ ಹಿಡಿಯುತ್ತವೆ.

ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಆನೆ ಓಡಾಡುವುದು ಹೊಸ ಸುದ್ದಿಯಲ್ಲ. ಅಲ್ಲಿ ಸದ್ದಿಲ್ಲದ ಗಾಡಿ ಲಾಭವಲ್ಲ. ತಿರುವಿನಲ್ಲಿ ನೀವೂ ಆನೆಯೂ ಒಮ್ಮೆಲೇ ಎದುರಾದರೆ ಇಬ್ಬರಿಗೂ ಗಾಬರಿ. ಆಗ 'ಜೋರಾಗಿ ಓಡಿಸಿ ತಪ್ಪಿಸಿಕೊಳ್ಳೋಣ' ಎನ್ನುವ ಲೆಕ್ಕವೂ ನಡೆಯುವುದಿಲ್ಲ. ಥಾಯ್ಲೆಂಡಿನ ಆನೆಗಳ ಓಟವನ್ನು ಅಳೆದ ಅಧ್ಯಯನವೊಂದು 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಅವು ಗಂಟೆಗೆ ಸುಮಾರು 25 ಕಿ.ಮೀ. ವೇಗ ಮುಟ್ಟಿದ್ದವು. ಲೈಸೆನ್ಸ್ ಬೇಡದ ಇ-ಬೈಕಿನ ಗರಿಷ್ಠ ವೇಗವೂ ಅಷ್ಟೇ. ಕೆಸರಿನ ಏರಿನಲ್ಲಿ ನಿಮ್ಮದು ಏಳೆಂಟು.

ಮಾತು 6: 'ಹಳ್ಳ, ಮಳೆ ಏನೂ ಆಗಲ್ಲ'

ಡಬ್ಬಿಯ ಮೇಲೆ 'ಐಪಿ' ಎಂದು ಬರೆದಿರುವ ಸಂಖ್ಯೆ ನೋಡಿ. ಕೊನೆಯ ಅಂಕಿ 4 ಇದ್ದರೆ ನೀರು ಸಿಡಿದರೆ ತಡೆಯುತ್ತದೆ ಎಂದಷ್ಟೇ ಅರ್ಥ. 7 ಇದ್ದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟು ಪರೀಕ್ಷಿಸಿದ್ದಾರೆ ಎಂದರ್ಥ. ಬ್ಯಾಟರಿಗೆ 7 ಇದ್ದು ಮೋಟಾರಿಗೆ 4 ಇರಬಹುದು, ಎರಡನ್ನೂ ಕೇಳಿ. ನೀರಿಗೆ ಬಿದ್ದ, ಪೆಟ್ಟಾದ ಅಥವಾ ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮನೆಯೊಳಗೆ ತಂದು ಚಾರ್ಜಿಗೆ ಹಾಕಬೇಡಿ. ಅದು ದಿನಗಳ ನಂತರವೂ ಹೊತ್ತಿಕೊಳ್ಳಬಹುದು.

ಬೇಟೆಯ ಮಾತು: ನಮ್ಮಲ್ಲಿ ಅಪರಾಧ

ಸಂದೇಶದಲ್ಲಿ 'ಹಂಟಿಂಗ್' ಎಂಬ ಪದ ಸಲೀಸಾಗಿ ಬರುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂರಕ್ಷಿತ ಪಟ್ಟಿಯ ಪ್ರಾಣಿಗಳ ಬೇಟೆಯನ್ನು ನಿಷೇಧಿಸಿದೆ. ಗುಂಡು ಹೊಡೆಯುವುದು ಮಾತ್ರ ಬೇಟೆಯಲ್ಲ. ಉರುಳು ಹಾಕುವುದು, ವಿಷ ಇಡುವುದು, ಅಟ್ಟಿಸಿಕೊಂಡು ಹೋಗುವುದು, ಇವುಗಳಿಗೆ ಪ್ರಯತ್ನ ಪಡುವುದೂ ಬೇಟೆಯೇ. ನಿಮ್ಮದೇ ತೋಟದೊಳಗೆ ಮಾಡಿದರೂ ಅಷ್ಟೇ. ಒಂದನೇ ಅನುಸೂಚಿಯ ಪ್ರಾಣಿಯನ್ನು ಕೊಂದರೆ, ಅಥವಾ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಬಳಸಿದ ವಾಹನವೂ ಜಪ್ತಿ. ಬೇಟೆ ಬೇಡ, ಸುಮ್ಮನೆ ಸುತ್ತಾಡಿ ಬರುತ್ತೇನೆ ಎಂದರೂ ಅನುಮತಿಯಿಲ್ಲದೆ ಅಭಯಾರಣ್ಯಕ್ಕೆ, ಮೀಸಲು ಅರಣ್ಯಕ್ಕೆ ನುಗ್ಗುವುದು ಅಪರಾಧ. ಸೈಕಲ್ಲಾದರೇನು, ಕಾಲ್ನಡಿಗೆಯಾದರೇನು.

ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ. ಅದು ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಬೇಟೆಗೆ ಅನುಮತಿ ಅಲ್ಲ.

ಹಾಗಾದರೆ ಕೊಳ್ಳಲೇಬಾರದೇ?

ಹಾಗೇನಿಲ್ಲ. ತೋಟದ ದಾರಿ, ಗದ್ದೆ, ಪಂಪ್‌ಹೌಸ್, ಹಾಲಿನ ಡೇರಿಗೆ ಓಡಾಡಲು ಇದು ಒಳ್ಳೆಯ ಗಾಡಿ. ಕೊಳ್ಳುವ ಮೊದಲು ಇಷ್ಟು ನೋಡಿ:

• ಮೊದಲು ನಿಮ್ಮ ದಾರಿ ಅಳೆಯಿರಿ: ದಿನಕ್ಕೆ ಎಷ್ಟು ಕಿ.ಮೀ., ಎಷ್ಟು ಏರು, ಎಷ್ಟು ಹೊರೆ. ಕಿ.ಮೀ.ಯನ್ನು 20ರಿಂದ ಗುಣಿಸಿ, ಅದರ ಮೇಲೆ ಕಾಲು ಭಾಗ ಸೇರಿಸಿ. ಬೇಕಾದ ವ್ಯಾಟ್-ಅವರ್ ಅಂದಾಜು ಸಿಗುತ್ತದೆ.

• ಲೈಸೆನ್ಸ್ ಬೇಡ ಎಂದು ಮಾರುವವರ ಬಳಿ ಎಆರ್‌ಎಐ, ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಕೇಳಿ. ಬಾಯಿಮಾತು ಸಾಲದು.

• ಹೊರೆ ಹೊತ್ತು ಇಳಿಯುವವರಿಗೆ ಎರಡೂ ಚಕ್ರಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇರಲಿ. ಮೋಟಾರಿಗಿಂತ ಬ್ರೇಕ್ ಮುಖ್ಯ.

• ನಾಲ್ಕು ಇಂಚಿನ ದಪ್ಪ ಟೈರಿನಲ್ಲಿ ಗಾಳಿ ಕಡಿಮೆ ಇಟ್ಟರೆ ಮರಳು, ಮೆತ್ತನೆ ಮಣ್ಣಿನಲ್ಲಿ ಹೂಳುವುದು ಕಡಿಮೆ. ಪಾಚಿ ಕಟ್ಟಿದ ಕಲ್ಲಿನ ಮೇಲೆ ಅದೂ ಜಾರುತ್ತದೆ. ಡಾಂಬರಿನಲ್ಲೇ ಹೆಚ್ಚು ಓಡಾಟವಿದ್ದರೆ ದಪ್ಪ ಟೈರ್ ಬ್ಯಾಟರಿಗೆ ದಂಡ.

• ಹಿಂದಿನ ಚಕ್ರ ಪಂಕ್ಚರ್ ಆದರೆ ಯಾರು ಬಿಚ್ಚುತ್ತಾರೆ, ಬ್ಯಾಟರಿ ಹೋದರೆ ಎಲ್ಲಿ ಸಿಗುತ್ತದೆ ಎಂದು ಹತ್ತಿರದ ಅಂಗಡಿಯಲ್ಲಿ ವಿಚಾರಿಸಿ.

• ಅದರದ್ದೇ ಚಾರ್ಜರ್ ಬಳಸಿ. ರಾತ್ರಿ ಮಲಗಿದ ಮೇಲೆ, ಅದರಲ್ಲೂ ಹೊರಹೋಗುವ ಬಾಗಿಲ ಬಳಿ, ಚಾರ್ಜಿಗಿಡಬೇಡಿ.

ಆ ವಿಡಿಯೊ ಮತ್ತೆ ಬಂದರೆ ಕಳಿಸಿದವರಿಗೆ ಮೂರೇ ಪ್ರಶ್ನೆ ಕೇಳಿ: ನಿರಂತರ ವ್ಯಾಟ್ ಎಷ್ಟು? ಬ್ಯಾಟರಿ ಎಷ್ಟು ವ್ಯಾಟ್-ಅವರ್? ಪ್ರಮಾಣಪತ್ರ ಇದೆಯೇ? ಉತ್ತರ ಸಿಕ್ಕಿದರೆ ಕೊಳ್ಳುವ ಯೋಚನೆ ಮಾಡೋಣ. ಸಿಗದಿದ್ದರೆ ವಿಡಿಯೊ ನಮ್ಮಲ್ಲೇ ನಿಲ್ಲಲಿ. ತೋಟಕ್ಕೆ ಹೋಗುವ ಹುಡುಗರಿರುವ ಗ್ರೂಪಿಗೆ ಅದರ ಬದಲು ಈ ಬರಹ ಕಳಿಸಿ.