ಬಿ.ಪಿ.ಗೂ ಬಂತು ವಾಟ್ಸ್ಯಾಪ್!

"ಡಾಕ್ಟರ ಮುಖ ನೋಡಿದ್ರೇನೇ ನಂಗೆ ಬಿ.ಪಿ. ಏರತ್ತೆ ಕಣೇ" ಅಂತ ನಮ್ಮತ್ತೆ ಹೇಳುತ್ತಲೇ ಇದ್ದರು. ನಾವ್ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕ್ಲಿನಿಕ್‌ನಲ್ಲಿ ನೋಡಿದಾಗಲೆಲ್ಲ 160/95. ಒಂದು ಮಾತ್ರೆ ಎರಡಾಯಿತು. ಆಮೇಲೆ ಶುರುವಾಯಿತು ತಲೆಸುತ್ತು. ಒಂದು ರಾತ್ರಿ ಬಚ್ಚಲುಮನೆಗೆಂದು ಎದ್ದವರು ಬಾಗಿಲು ಹಿಡಿದುಕೊಂಡೇ ಕುಸಿದು ಕೂತರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ.

ಮರುದಿನ ಡಾಕ್ಟರ ಹತ್ತಿರ ಹೋದರೆ ಮತ್ತೆ ಅಷ್ಟೇ! ಈ ಸಲ ಅವರು ಹೊಸ ಮಾತ್ರೆ ಬರೆಯಲಿಲ್ಲ. "ನೋಡಮ್ಮಾ, ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಮಿಷನ್ ತಗೊಳ್ಳಿ. 7 ದಿನ ಬೆಳಿಗ್ಗೆ, ಸಂಜೆ ನೋಡಿ ವಾಟ್ಸ್ಯಾಪ್ ಮಾಡಿ" ಅಂದರು. ಕೆಲವರಿಗೆ ಆಸ್ಪತ್ರೆಯಲ್ಲಿ ಮಾತ್ರ ಬಿ.ಪಿ. ಏರುತ್ತದಂತೆ. ಇದಕ್ಕೆ 'ವೈಟ್ ಕೋಟ್' ಪರಿಣಾಮ ಅನ್ನುತ್ತಾರೆ. ಉಲ್ಟಾ ಕೂಡ ಇದೆ: ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಅದೇ ಹೆಚ್ಚು ಅಪಾಯ, ಯಾರ ಕಣ್ಣಿಗೂ ಬೀಳೋದಿಲ್ಲವಲ್ಲ!

ಮೊದಲ ದಿನ ಅತ್ತೆ ಸ್ವೆಟರ್ ಮೇಲೇ ಪಟ್ಟಿ ಸುತ್ತಿಸಿಕೊಂಡು, ನಾದಿನಿ ಜೊತೆ ಫೋನಿನಲ್ಲಿ ಮಾತಾಡುತ್ತಾ ಕೂತರು. ಬಂದದ್ದು 158. ನಾನು ಕಳಿಸಿದ ಫೋಟೋ ನೋಡಿ ಡಾಕ್ಟರೇ ಫೋನ್ ಮಾಡಿದರು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಒಂದಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಬರಿ ತೋಳಿಗೆ, ಅದೂ ಎದೆಯ ಮಟ್ಟದಲ್ಲಿ. ಕೈ ಟೇಬಲ್ ಮೇಲಿರಲಿ. ಮಾತು ಬೇಡವೇ ಬೇಡ. 1 ನಿಮಿಷ ಬಿಟ್ಟು ಮತ್ತೊಮ್ಮೆ ನೋಡಬೇಕು. ಬೆಳಗಿನದು ಮಾತ್ರೆ, ತಿಂಡಿಗೆ ಮುಂಚೆ.

ವಾರದ ಕೊನೆಗೆ ಡಾಕ್ಟರು ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದರು. 112/68! ಕ್ಲಿನಿಕ್‌ನಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85. ಅತ್ತೆಯನ್ನು ಕರೆಸಿ, ನಿಂತಾಗಿನ ಬಿ.ಪಿ.ಯನ್ನೂ ನೋಡಿ, ಒಂದು ಮಾತ್ರೆ ನಿಲ್ಲಿಸಿದರು. ತಲೆಸುತ್ತು ಹೋಯಿತು. ಹಾಗಂತ ನೀವಾಗಿಯೇ ಮಾತ್ರೆ ಬಿಟ್ಟೀರಿ, ಜೋಕೆ!

ಫೋನಿನಲ್ಲಿ ಸಲಹೆ ಕೊಡಲು ವೈದ್ಯರಿಗೆ ನಮ್ಮ ದೇಶದಲ್ಲಿ 2020ರ ಮಾರ್ಚ್‌ನಲ್ಲೇ ನಿಯಮಾವಳಿ ಬಂದಿದೆ. ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಉಚಿತವಾಗಿ ಕೇಳಬಹುದು. ಹಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳು 'ಸಿಂಪಲ್' ಎಂಬ ಆ್ಯಪ್‌ನಲ್ಲಿ ಬಿ.ಪಿ. ದಾಖಲಿಸುತ್ತಾರೆ. ಯಾರು ಮಾತ್ರೆಗೆ ಬಂದಿಲ್ಲ ಅಂತ ಅದೇ ಪಟ್ಟಿ ಕೊಡುತ್ತೆ, ಇವರು ಫೋನ್ ಮಾಡಿ ಕರೆಸುತ್ತಾರೆ.

ಆದರೆ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು ಇದ್ದರೆ ವಾಟ್ಸ್ಯಾಪ್ ಉತ್ತರಕ್ಕೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಮೊಬೈಲ್ ಮೇಲೆ ಬೆರಳಿಟ್ಟರೆ ಬಿ.ಪಿ. ಹೇಳುವ ಆ್ಯಪ್‌ಗಳನ್ನಂತೂ ನಂಬಲೇಬೇಡಿ.

ಈಗ ಪಕ್ಕದ ಮನೆಯವರೂ ಮಿಷನ್ ಕೇಳಿಕೊಂಡು ಬರ್ತಾರೆ. ಕೊಡೋಕೇನೂ ಅಡ್ಡಿಯಿಲ್ಲ. ಆದರೆ ಅತ್ತೆಯದು ಕಡ್ಡಿ ತೋಳು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿ.ಪಿ.ಯನ್ನೂ ತೋರಿಸಿಬಿಡುತ್ತೆ. ಅದನ್ನು ಅವರಿಗೆ ಹೇಗೆ ಹೇಳೋದು ಅಂತಾನೇ ನನ್ನ ಚಿಂತೆ.